ಅಣ್ಣನ ತೂಕದ ಚೀಲ

ಹರಪನಹಳ್ಳಿಯ ನಮ್ಮ ದಲ್ಲಾಳಿ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಒಂದು ಮೆಕ್ಕೆಜೋಳದ ಚೀಲ ಬಹಳ ದಿನ ಇತ್ತು. ಲಾರಿ ತುಂಬಲು ಬಂದ ಹೊಸಬರು ಅದಕ್ಕೂ ಕೈ ಹಾಕಿದರೆ ನಮ್ಮ ಹಮಾಲಿ ತಾತ ಅಡ್ಡ ಬರುತ್ತಿದ್ದ.

"ಅದನ್ನ ಬಿಡ್ರಪ್ಪಾ. ಅದು ಮಾಲಲ್ಲ, ನಮ್ಮ ಸಾವ್ಕಾರ್ರು."

ಕೇಳಿದವರು ನಗುತ್ತಿದ್ದರು. ಮೊದಮೊದಲು ನಾವೂ ನಗುತ್ತಿದ್ದೆವು. ಆ ಚೀಲದಲ್ಲಿದ್ದದ್ದು ನಮ್ಮಣ್ಣನ ಮೈತೂಕದಷ್ಟು ಜೋಳ. ಅವನ ಕಾರಿನ ಸ್ಪ್ರಿಂಗುಗಳನ್ನು ಹದ ಮಾಡುವಾಗ ಅವನ ಬದಲಿಗೆ ಡ್ರೈವರ್ ಸೀಟಿನಲ್ಲಿ ಕೂರಲಿ ಎಂದು ತುಂಬಿಸಿದ್ದು. ಅಣ್ಣ ಈಗಿಲ್ಲ. ಅವನ ಫೋಟೋ ಗೋಡೆಯ ಮೇಲಿದೆ, ಆದರೆ ಅವನು ನೆನಪಾದಾಗ ನನ್ನ ಕಣ್ಣ ಮುಂದೆ ಬರುವುದು ಮೊದಲು ಆ ಚೀಲವೇ. ನೀವು ತಪ್ಪು ತಿಳಿಯಬಾರದು, ಅದಕ್ಕೆ ಕಾರಣ ಇದೆ.

ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಬಂದು ಕೆಲವೇ ದಿನಕ್ಕೆ ಅಣ್ಣ ನನ್ನನ್ನು ಅಂಗಡಿಯ ಗಲ್ಲಾದ ಮುಂದೆ ಕೂರಿಸಿದ. "ಮನ್ಯಾಗ ಕುಂತ್ರ ಗ್ವಾಡಿ ನೋಡ್ಕೋಂತ ಅಳ್ತಿ. ಅಂಗಡ್ಯಾಗ ಕುಂತ್ರ ಮಂದಿ ಮ್ಯಾಲ ಒದರ್ತಿ. ಅಳೋದ್ಕಿಂತ ಒದರೋದು ಚೊಲೋ" ಅಂದ. ಅವನು ಮದುವೆಯಾಗಲಿಲ್ಲ. ಸಂಬಂಧ ತಂದವರಿಗೆಲ್ಲ, ಕಾರು ಬಂದ ಮೇಲೆ, ಒಂದೇ ಉತ್ತರ: "ಎರಡೇ ಸೀಟು ಅದಾವ್ರಿ. ಒಂದ್ರಾಗ ತಂಗಿ ಕುಂತಾಳ. ನೀವು ತಂದ ಹುಡುಗೀನ ಡಿಕ್ಕ್ಯಾಗ ಕುಂದ್ರಿಸ್ಲೇನು?"

ಗಣಿ ಜೋರಿದ್ದ ಕಾಲದಲ್ಲಿ ಹೊಸಪೇಟೆ ಕಡೆಯ ಯಾರೋ ಶೋಕಿಗೆ ತರಿಸಿಕೊಂಡಿದ್ದ ಕಾರದು. ನೆಲಕ್ಕೆ ಕವುಚಿ ಕೂತ ಕಪ್ಪೆಯ ಹಾಗೆ, ಕೆಂಪಗೆ, ಗಿಡ್ಡಗೆ. ಗಣಿ ನಿಂತ ಮೇಲೆ ಶೆಡ್ಡಿನಲ್ಲಿ ಕೋಳಿಗಳು ಅದರ ಮೇಲೆ ಮಲಗುತ್ತಿದ್ದವಂತೆ. ಅಣ್ಣ ಅದನ್ನು ಕೊಂಡು ತಂದಾಗ ಸೀಟಿನ ಸಂದಿಯಿಂದ ಪುಕ್ಕ ಹೆಕ್ಕಿ ತೆಗೆದವಳು ನಾನು.

ತಮಿಳುನಾಡಿನಲ್ಲಿ ಕಾರು ಓಡಿಸುವುದಕ್ಕೆಂದೇ ಕಟ್ಟಿದ ಒಂದು ಟ್ರ್ಯಾಕ್ ಇದೆ. ನಮ್ಮಂಥವರೂ ಫೀಸು ಕಟ್ಟಿ ತಮ್ಮ ಕಾರನ್ನು ಓಡಿಸಬಹುದಾದ ದಿನಗಳು ಅಲ್ಲಿ ಇರುತ್ತವೆ. ಹೋಗುವಾಗ ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದೆ. ತಂತಿ ಬೇಲಿಯ ಆಚೆ ನಿಂತು ನೋಡುವುದು ನನ್ನ ಕೆಲಸ. ಆ ಟ್ರ್ಯಾಕಿನಲ್ಲಿ ಎಡಕ್ಕೆ ಹೊರಳುವ ಒಂದು ಉದ್ದನೆಯ ತಿರುವಿದೆ, ಮುಗಿಯಿತು ಅನ್ನುವಷ್ಟರಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ಅಣ್ಣನ ಕಾರು ಪ್ರತಿ ಸಲವೂ ಬಾಲ ಬೀಸುತ್ತಿತ್ತು. ಒಂದು ಸಲವಂತೂ ಬುಗುರಿಯ ಹಾಗೆ ತಿರುಗಿ ಮಣ್ಣಿಗೆ ಇಳಿಯಿತು. ನಾನು ಬುತ್ತಿ ಅಲ್ಲೇ ಬಿಟ್ಟು ಓಡಿದೆ. ಧೂಳಿನಿಂದ ಎದ್ದು ಬಂದವನು ಮುಖ ಒರೆಸಿಕೊಂಡು, "ಹಿಂದಿನ ಗಾಲಿ ಕೈ ಬಿಟ್ವು ತಂಗಿ" ಅಂದ, ಯಾರೋ ನೆಂಟರು ಕೈ ಬಿಟ್ಟರು ಅನ್ನುವ ಹಾಗೆ. ಊರಿಗೆ ಮರಳುವ ದಾರಿಯಲ್ಲಿ, ಚಿತ್ರದುರ್ಗ ದಾಟಿದ ಮೇಲೆ ಬಾಯಿ ಬಿಟ್ಟ. "ಗೆಲ್ಲೋದು ಗಿಲ್ಲೋದು ಏನೂ ಬ್ಯಾಡ. ಆ ತಿರುವಿನ್ಯಾಗ ಒಂದು ಸಲ ಆಕ್ಸಿಲೇಟರ್ ಮ್ಯಾಲಿನ ಕಾಲು ತೆಗೀದಂಗ ಹೋಗ್ಬೇಕು. ಗಾಲಿ ನೆಲ ಬಿಡಬಾರ್ದು. ಅಷ್ಟ."

ಅವನು ಬದುಕಿನಲ್ಲಿ ತನಗಾಗಿ ಬೇಕು ಅಂತ ಕೇಳಿದ್ದು ನನಗೆ ತಿಳಿದಂತೆ ಅದೊಂದೇ.

ಕೂಡ್ಲಿಗಿಯಲ್ಲಿ ಹೈವೇ ಪಕ್ಕ ಒಬ್ಬ ಮೆಕ್ಯಾನಿಕ್ ಇದ್ದರು. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಲಾರಿಗಳ ಕೆಳಗಿನ ಕಬ್ಬಿಣದ ಪಾಟಾ ಸ್ಪ್ರಿಂಗು ಕಟ್ಟುವುದು ಅವರ ತಂದೆಯ ಕಾಲದಿಂದ ಬಂದ ಕಸುಬು. ಅಣ್ಣ ಕಾರು ತಂದು ನಿಲ್ಲಿಸಿದಾಗ ಅವರು ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಎದ್ದು ನಿಂತು ಕೈಮುಗಿದರು.

"ಅಣ್ಣಾರ, ನಾ ಲಾರಿ ಪಾಟಾ ಹೊಡ್ಯೋನು. ಈ ಗೊಂಬಿಗೆ ನನ್ನ ಸುತ್ತಿಗಿ ತೋರಿಸಿದ್ರ ಸಾಕು, ಅಳ್ತೈತಿ."

"ಅತ್ರ ತಂಗಿ ಅದಾಳ, ಸಮಾಧಾನ ಮಾಡ್ತಾಳ. ನೀವು ಹೊಡೀರಿ."

ಅಲ್ಲಿಂದ ಇಬ್ಬರೂ ಹುಡುಗರಾದರು. ಉಸ್ತಾದ್ ಫೋನಿನಲ್ಲಿ ಹಿಂದಿ ವಿಡಿಯೋ ನೋಡುವರು, ಅಣ್ಣ ಇಂಗ್ಲಿಷಿನದು. ಎರಡರಲ್ಲೂ ಬೇರೆ ಬೇರೆ ಹೇಳಿದ್ದರೆ ಚಹಾ ಆರುವವರೆಗೆ ಜಗಳ. ಹಳೆಯ ಮೆತ್ತನೆ ಸ್ಪ್ರಿಂಗು ಕಳಚಿ ಬಿರುಸಾದವನ್ನು ಹಾಕಿದರು. ಹೊಸ ಶಾಕ್ ಅಬ್ಸಾರ್ಬರುಗಳ ಮೈಗೆ ಸ್ಕ್ರೂವಿಗಿರುವಂಥ ಮರೆ ಇತ್ತು, ಬಳೆಯಂಥ ರಿಂಗನ್ನು ತಿರುವಿದರೆ ಆ ಮೂಲೆ ಏರುವುದು, ಇಳಿಯುವುದು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ಕೆಳಗೆ ದಪ್ಪನೆ ಅಡ್ಡಕಂಬಿ ಬಂತು. ರಬ್ಬರಿನ ಬುಷ್‌ಗಳು ಹೋಗಿ ಗಟ್ಟಿಯವು ಬಂದವು. ಗಾಲಿಗಳ ತಲೆಯನ್ನು ಒಂದಿಷ್ಟು ಒಳಕ್ಕೆ ವಾಲಿಸಿದರು. ನೇರ ನಿಂತಾಗ ಸೊಟ್ಟ ಕಂಡರೂ ತಿರುವಿನಲ್ಲಿ ಟೈರು ಪೂರ್ತಿ ಅಂಗಾಲೂರಿ ನಿಲ್ಲುತ್ತದಂತೆ.

ಕಾರು ಇನ್ನೂ ಗಿಡ್ಡಾಯಿತು. ಕೂಡ್ಲಿಗಿಯಿಂದ ಮನೆಗೆ ಬರಬೇಕಾದರೆ ಕೊಟ್ಟೂರು ದಾಟಬೇಕು, ಆ ದಾರಿಯ ಒಂದೊಂದು ಹಂಪ್ಸಿಗೂ ಕಾರಿನ ಹೊಟ್ಟೆ ಕರ್ರ್ ಅಂತ ಉಜ್ಜುವುದು. ಅಣ್ಣ ಹಂಪ್ಸು ಕಂಡ ಕೂಡಲೇ ನಿಲ್ಲಿಸುವನು.

"ಇಳಿ ತಂಗಿ."

ನಾನು ಸೆರಗು ಸರಿಮಾಡಿಕೊಂಡು ಇಳಿಯುವುದು, ಕಾರು ಹಗುರಾಗಿ ಓರೆಯಾಗಿ ಹಂಪ್ಸು ದಾಟುವುದು, ನಾನು ನಡೆದು ಹೋಗಿ ಮತ್ತೆ ಹತ್ತುವುದು. ಕೊಟ್ಟೂರಿನ ಒಂದು ಹಂಪ್ಸಿನ ಪಕ್ಕ ಮಿರ್ಚಿ ಕರಿಯುವ ಹೆಂಗಸೊಬ್ಬಳು ಪ್ರತಿ ಸಲವೂ ನೋಡಿ ನೋಡಿ ಕೇಳಿಯೇಬಿಟ್ಟಳು. "ಯವ್ವಾ, ಇಷ್ಟು ಚೆಂದನ ಕಾರು ಕೊಂಡು ಹೆಂಗಸನ್ನ ನಡಸ್ತಾನಲ್ಲ, ಇವಂಗೇನು ಬಂದೈತಿ?"

"ನಾ ಕೂತ್ರ ಕಾರಿನ ಹೊಟ್ಟಿ ನೋಯ್ತೈತಂತ ಬೇ" ಅಂದೆ. ಅಣ್ಣ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಹೊಟ್ಟೆ ನೋವು ಆಗ ನಮಗೆಲ್ಲ ತಮಾಷೆಯ ಮಾತಾಗಿತ್ತು.

ಇಷ್ಟಾದರೂ ಕಾರು ಆ ತಿರುವಿಗೆ ತಯಾರಾಗಿರಲಿಲ್ಲ. ನಾಲ್ಕು ಗಾಲಿಗಳ ಮೇಲೂ ಭಾರ ಸರಿಯಾಗಿ ಹಂಚಿರಬೇಕು ಎಂದು ಅಣ್ಣ ಓದಿಕೊಂಡಿದ್ದ. ಒಂದು ಕಾಲು ಗಿಡ್ಡಾದ ಹೊರಸು ಮಂಚವನ್ನು ನೋಡಿದ್ದೀರಲ್ಲ, ಅದು ಎದುರು ಬದುರು ಮೂಲೆಯ ಎರಡು ಕಾಲಿನ ಮೇಲೆ ನಿಂತು ಉಳಿದೆರಡನ್ನು ಕುಂಟಿಸುತ್ತದೆ. ಕಾರೂ ಹಾಗೇ. ಹೊರಗಿನಿಂದ ಸಮ ಕಂಡರೂ ಒಳಗೆ ಕುಂಟುತ್ತಿರುತ್ತದೆ. ಡ್ರೈವರ್ ಕೂರುವುದು ಬಲಕ್ಕೆ. ಎಡ ತಿರುವಿನಲ್ಲಿ ಭಾರವೆಲ್ಲ ಬಲಕ್ಕೇ ನುಗ್ಗಿ ಎಡಗಾಲಿಗಳು ನೆಲ ಮರೆಯುತ್ತವೆ. ಆದ್ದರಿಂದ ನಾಲ್ಕು ಗಾಲಿಯ ಕೆಳಗೂ ನಾಲ್ಕು ತೂಕದ ಯಂತ್ರ ಇಟ್ಟು, ಓರೆಯಾಗಿ ಎದುರಿರುವ ಮೂಲೆಗಳ ಮೊತ್ತ ಎರಡೂ ಒಂದೇ ಆಗುವವರೆಗೆ ಆ ಬಳೆಗಳನ್ನು ತಿರುವಬೇಕು. ಅದಕ್ಕೆಂದೇ ಮಾಡಿದ ಯಂತ್ರಗಳು ನಮಗೆಲ್ಲಿ? ಆದರೆ ಹರಪನಹಳ್ಳಿಯಲ್ಲಿ ಮೆಕ್ಕೆಜೋಳ ತೂಗುವ ಕಾಟಾಗಳಿಗೆ ಏನು ಬರ! ನಮ್ಮವು ಎರಡು, ಅಕ್ಕಪಕ್ಕದ ಅಂಗಡಿಯವು ಎರಡು. ಹಿತ್ತಿಲ ಅಂಗಳದಲ್ಲಿ ಮಟ್ಟ ನೋಡಿ ಹಾಸಿ, ಹಲಗೆ ಇಟ್ಟು ಕಾರನ್ನು ಹತ್ತಿಸಿದರು.

ಉಸ್ತಾದ್ ಕೆಂಪು ಅಂಕಿಗಳನ್ನು ನೋಡಿ ಗಡ್ಡ ಸವರಿಕೊಂಡರು. "ದಲ್ಲಾಳ್ಯಾರ ಕಾಟಾ. ರೈತರ ಮಾಲು ಕಡಿಮಿ ತೋರಿಸಿ ರೂಢಿ ಆಗೈತಿ. ನನ್ನ ಕಾರನ್ನೂ ಕಡಿಮಿ ತೋರಿಸ್ತೈತೋ ಏನೋ."

"ನಿಮ್ಮ ಬಾಯಿ ಮಾತ್ರ ಹೆಚ್ಚು ತೋರಿಸ್ತೈತಿ" ಅಂದೆ ನಾನು.

ಉಸ್ತಾದರ ಜೊತೆ ಮಲಗಿ ಬಳೆ ತಿರುವುವ ಆಸೆ ಅಣ್ಣನಿಗೆ, ಸೀಟಿನಲ್ಲಿ ಕೂರಬೇಕಾದವನೂ ಅಣ್ಣನೇ. ಅದು ಆಗದ ಕೆಲಸ. ಆಗ ತಾತ ಹೇಳಿದ: ಸಾವ್ಕಾರ್ರನ್ನ ಒಂದು ಸಲ ತೂಗಿ ಅಷ್ಟೇ ಜೋಳ ತುಂಬಿದರಾಯಿತು. ಹಾಗೇ ಮಾಡಿದೆವು. ಚೀಲದ ಬಾಯಿ ಹೊಲಿದು, ಸೀಟಿಗೆ ಕೂರಿಸಿ, ಬೆಲ್ಟು ಬಿಗಿದು, ಉಸ್ತಾದ್ ತಮ್ಮ ಟೋಪಿಯನ್ನು ಚೀಲದ ಮೇಲೆ ಇಟ್ಟರು. ಅಂಗಡಿಗೆ ಬಂದ ರೈತರೆಲ್ಲ ಅದಕ್ಕೆ ನಮಸ್ಕಾರ ಹೊಡೆದು ಹೋದರು.

ಸುಗ್ಗಿ ಬಂತು, ಕೆಲಸ ನಿಂತಿತು. ಸುಗ್ಗಿ ಮುಗಿದ ಮೇಲೆ ಇನ್ನೊಂದು ಬಿರುಸಿನ ಸ್ಪ್ರಿಂಗು ತರಿಸಿ ಹಾಕಿದರು. ಚೀಲ ಕೂರಿಸಿ ಹದ ಮಾಡಿದರು. ಕೊನೆಗೆ ಖಾತ್ರಿಗೆಂದು ಅಣ್ಣನೇ ಹತ್ತಿ ಕೂತ. ಅಂಕಿ ಕೂಡಲಿಲ್ಲ. ಚೀಲ ಕೂತಾಗ ಸರಿ, ಅಣ್ಣ ಕೂತಾಗ ಬಲಗಡೆ ಹಗುರ.

ನೋಡಿ, ಬೇರೆ ಯಾರೇ ಆಗಿದ್ದರೂ ಮನುಷ್ಯನ ಕಡೆ ನೋಡುತ್ತಿದ್ದರು. ನಾವು ಜೋಳದ ಮಂದಿ. ನಮಗೆ ತೂಕ ಇಳಿಯಿತು ಅಂದರೆ ಮೊದಲು ಹೊಳೆಯುವುದು ಹಸಿ, ಆಮೇಲೆ ಕಾಟಾ. ಇಟ್ಟ ಜೋಳ ಒಣಗಿ ತೂಕ ಕಳೆದುಕೊಳ್ಳುವುದು ನಮ್ಮ ದಿನದ ಲೆಕ್ಕ. ಹಾಗಾಗಿ ಚೀಲ ತೂಗಿದೆವು, ಒಣಗಿ ಒಂದಿಷ್ಟು ಇಳಿದಿತ್ತು, ಸರಿ. ಆದರೆ ಆ ಇಳಿದ ಚೀಲಕ್ಕಿಂತಲೂ ಅಣ್ಣ ಹಗುರವಾಗಿದ್ದ. ಹಾಗಾದರೆ ಕಾಟಾ ಕೆಟ್ಟಿದೆ ಅಂತ ಎಲ್ಲರೂ ಒಂದೇ ಬಾಯಲ್ಲಿ ಅಂದೆವು. ಅಣ್ಣನೇ ಎಲ್ಲರಿಗಿಂತ ಜೋರಾಗಿ ಅಂದ.

"ನೀ ರಾತ್ರಿ ಊಟ ಬಿಟ್ಟೀಯಲ್ಲ, ಅದಕ್ಕಿರಬೇಕು" ಅಂತ ನಾನು ಅಂದಿದ್ದುಂಟು.

"ರೇಸಿನ್ಯಾರು ಎಲ್ರೂ ಬಿಡ್ತಾರ. ಕಾರು ಹಗುರಾದ್ರ ತಿರುವಿಗೆ ಚೊಲೋ. ಕಾಟಾದ್ದು ನೋಡ್ರಿ ಮೊದ್ಲು."

ದಾವಣಗೆರೆಯಿಂದ ಕಾಟಾ ರಿಪೇರಿಯವನನ್ನು ಕರೆಸಲು ಹೇಳಿ ಕಳಿಸಿದೆವು. ಅವನು ಇವತ್ತು ನಾಳೆ ಅನ್ನುತ್ತಾ ಬಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ಅಣ್ಣನ ಪ್ಯಾಂಟಿನ ಬೆಲ್ಟಿಗೆ ಉಸ್ತಾದ್ ಎರಡು ಸಲ ಹೊಸ ತೂತು ಹೊಡೆದುಕೊಟ್ಟಿದ್ದರು, ಅದನ್ನೂ ನಗುತ್ತಲೇ. ರಿಪೇರಿಯವನು ಮುದ್ರೆ ಒತ್ತಿದ ಕಬ್ಬಿಣದ ಗುಂಡುಗಳನ್ನು ಒಂದೊಂದು ಕಾಟಾದ ಮೇಲೂ ಇಟ್ಟ. ನಾಲ್ಕೂ ಸರಿ ಇದ್ದವು.

"ನಿಮ್ಮ ಕಾಟಾ ಸುಳ್ಳು ಹೇಳಂಗಿಲ್ಲ ಅಕ್ಕಾರ" ಅಂದ ಅವನು, ದೊಡ್ಡ ಶಾಭಾಸ್ ಕೊಟ್ಟವನ ಹಾಗೆ.

ಉಸ್ತಾದ್ ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಣ್ಣನ ಎದುರು ಬಂದು ನಿಂತರು.

"ಅಣ್ಣಾರ, ಒಂಚೂರು ಬೆಳಕಿಗೆ ಬರ್ರಿ. ನಿಮ್ಮ ಮಾರಿ ನೋಡ್ತೀನಿ."

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ತೂಕ ಇಳಿಯೋದು ಯಾವಾಗಿನಿಂದ ಶುರುವಾಯಿತು ಅಂತ. ಅಣ್ಣ ನನ್ನ ಮುಖ ನೋಡಿದ. "ಮೊದಲ್ನೇ ಸ್ಪ್ರಿಂಗಿಗೂ ಎರಡ್ನೇ ಸ್ಪ್ರಿಂಗಿಗೂ ನಡುವ್ರಿ" ಅಂದ. ಅವರು ಪೆನ್ನು ಎತ್ತಿ ಹಿಡಿದು ಕಾದರು. ಹೊಟ್ಟೆಯಲ್ಲಿತ್ತು ಗಡ್ಡೆ, ಪಿತ್ತಜನಕಾಂಗದ ತನಕ ಹಬ್ಬಿತ್ತು. ಮೊದಲೇ ಬಂದಿದ್ದರೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಅಣ್ಣ ಕಾಟಾ ರಿಪೇರಿಯವನನ್ನು ಬೈದು ನನ್ನನ್ನು ನಗಿಸಲು ನೋಡುತ್ತಿದ್ದ. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಅವನು ಕೇಳಿದ್ದು ಬೇರೆ. "ಸರ್, ನಾ ಕಾರು ಓಡಿಸಬಹುದಾ?"

"ನೋಡೋಣ" ಅಂದರು. ಆ ಒಂದು ಮಾತನ್ನು ಅಣ್ಣ ಜೇಬಿನಲ್ಲಿಟ್ಟುಕೊಂಡು ಬಂದ.

ಆಮೇಲಿನ ತಿಂಗಳುಗಳಲ್ಲಿ ಉಸ್ತಾದ್ ಬಸ್ಸು ಹತ್ತಿ ಕೂಡ್ಲಿಗಿಯಿಂದ ಬರುವರು. ಅಣ್ಣನ ಅವತ್ತಿನ ತೂಕ ಕೇಳುವರು. ತಾತ ಚೀಲದ ಬಾಯಿ ಬಿಚ್ಚಿ ಸೇರಿನಿಂದ ಜೋಳ ತೆಗೆಯುವನು. ಸೀಟಿಗೆ ಕೂರಿಸಿ, ಬಳೆಗಳನ್ನು ಅಷ್ಟಷ್ಟೇ ತಿರುವಿ ಕಾರನ್ನು ಹೊಸ ಅಣ್ಣನಿಗೆ ಹದ ಮಾಡುವರು. ತೆಗೆದ ಜೋಳ ರಾಶಿಗೆ ಹೋಗಿ, ರಾಶಿ ಲಾರಿಗೆ ಹೋಗಿ, ಲಾರಿ ಕೋಳಿ ಫಾರಮ್ಮಿಗೆ ಹೋಗುತ್ತಿತ್ತು. ನಮ್ಮಣ್ಣ ಎಲ್ಲೆಲ್ಲಿಯ ಕೋಳಿಗಳ ಹೊಟ್ಟೆ ಸೇರಿದನೋ. ಇದನ್ನು ಅವನಿಗೇ ಹೇಳಿದಾಗ, "ಶೆಡ್ಡಿನ್ಯಾಗ ನನ್ನ ಕಾರಿನ ಮ್ಯಾಲ ಮಲಗ್ತಿದ್ವಲ್ಲ, ಅವಕ್ಕ ಕಾವಲ ಕೂಲಿ ಕೊಟ್ಟಂಗಾತು ಬಿಡು" ಅಂದ.

ಒಂದು ದಿನ ನಾನು ಉಸ್ತಾದರನ್ನು ಗೇಟಿನ ಹತ್ತಿರ ತಡೆದೆ. "ಇನ್ನೂ ಯಾಕ್ರಿ ಇದನ್ನ ಮಾಡ್ತೀರಿ? ನಿಮಗೂ ಗೊತ್ತೈತಿ."

"ಅವ್ರು ಕೇಳ್ತಾರ ಅಕ್ಕಾರ, ಕಾರು ತಯಾರೈತೇನು ಉಸ್ತಾದ್ ಅಂತ. ಇಲ್ಲ ಅಂತ ನಾ ಹೆಂಗ ಹೇಳ್ಲಿ? ನೀವು ಹೇಳ್ರಿ ನೋಡೋಣ."

ನಾನು ದಾರಿ ಬಿಟ್ಟೆ.

ನಡುವೆ ಒಂದು ಒಳ್ಳೆಯ ಕಾಲವೂ ಬಂತು. ಆಸ್ಪತ್ರೆಯ ಸೂಜಿ ಔಷಧಿಗಳ ಒಂದು ಸುತ್ತು ಮುಗಿದ ಮೇಲೆ ಅಣ್ಣನ ತೂಕ ಏರಿತು. ಕಾಟಾದ ಮೇಲೆ ನಿಂತು ಅವನೇ ಕೂಗಿದ: "ಏ ತಾತಾ! ಜೋಳ ಸುರೀ! ಸಾವ್ಕಾರ ಬೆಳ್ಯಾಕತ್ಯಾನ!" ತಾತ ಸೇರು ತುಂಬ ತುಂಬ ಸುರಿದ. ನಾನು ಒಳಗೆ ಹೋಗಿ ಹುಗ್ಗಿ ಮಾಡಿದೆ. ಉಸ್ತಾದ್ ಎರಡು ಬಟ್ಟಲು ಉಂಡು, ತಮ್ಮ ಮನೆಗೂ ಡಬ್ಬಿಯಲ್ಲಿ ಒಯ್ದರು. ಕೂಡ್ಲಿಗಿಯ ಆಚೆ ಮನೆಗಳಿನ್ನೂ ಏಳದ ಒಂದು ಹೊಸ ಲೇಔಟ್ ಇದೆ, ಹೊಸ ಡಾಂಬರು, ಖಾಲಿ ರಸ್ತೆ. ಮಾಲೀಕರನ್ನು ಕೇಳಿಕೊಂಡು ಅಣ್ಣ ಅಲ್ಲಿ ನಿಧಾನಕ್ಕೆ ಕಾರು ಓಡಿಸಿದ. ಇಳಿದು ಬಂದಾಗ ಕಣ್ಣು ಹೊಳೆಯುತ್ತಿದ್ದವು. "ಹಿಡಿತೈತಿ ತಂಗಿ. ಅಂಗೈಲೆ ನೆಲ ಸವರಿದಂಗ ಆಗ್ತೈತಿ." ಟ್ರ್ಯಾಕಿಗೆ ಫೋನು ಮಾಡಿ ದಿನವನ್ನೂ ಕೇಳಿದ.

ಆ ಏರಿದ ತೂಕ ಮಾಂಸದ್ದಲ್ಲ ಎಂದು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಿಳಿಯಿತು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಕೊಳವೆ ಹಾಕಿ ತೆಗೆದರು. ಮನೆಗೆ ಬಂದ ದಿನ ತಾತ ತಾನಾಗಿಯೇ ಹೋಗಿ, ಯಾರೂ ಹೇಳದೆ, ಚೀಲದಿಂದ ಜೋಳ ತೆಗೆದು ಹಾಕಿದ. ತೂಗಲಿಲ್ಲ. ಕೈಯಿಂದಲೇ ತೆಗೆದ, ಬಹಳ ತೆಗೆದ.

ಟ್ರ್ಯಾಕಿನ ದಿನ ಬಂತು, ಹೋಯಿತು. ಅಣ್ಣ ಅದರ ಮಾತೆತ್ತಲಿಲ್ಲ. ಕೆಲವು ದಿನಗಳಾದ ಮೇಲೆ ನನ್ನನ್ನು ಕರೆದು, "ಉಸ್ತಾದ್‌ಗೆ ಬರಾಕ ಹೇಳು. ನಾ ಕುಂದ್ರತೀನಿ. ಚೀಲ ಬ್ಯಾಡ ಈ ಸಲ" ಅಂದ.

ಅವತ್ತು ಅಮಾವಾಸ್ಯೆ, ಪೇಟೆ ಬಂದ್. ಬೆಳಗಿನ ಎಳೆ ಬಿಸಿಲು ಅಂಗಳದಲ್ಲಿತ್ತು. ನಾಲ್ಕು ಕಾಟಾ, ಅವುಗಳ ಮೇಲೆ ತೊಳೆದ ಕೆಂಪು ಕಾರು. ತಾತ ಅಣ್ಣನನ್ನು ಎತ್ತಿಕೊಂಡು ಬಂದ. ಬದುಕೆಲ್ಲ ಬೆನ್ನ ಮೇಲೆ ಚೀಲ ಹೊತ್ತವನು, ಅಣ್ಣನನ್ನು ಮಾತ್ರ ಎದೆಗೆ ಹಿಡಿದಿದ್ದ. ಸೀಟಿನಲ್ಲಿ ಕೂರಿಸಿ, ಹಿಂದೆ ಸರಿದು ಗೋಡೆಯ ಕಡೆ ಮುಖ ಮಾಡಿ ನಿಂತ.

ಉಸ್ತಾದ್ ಮಲಗಿ ಕೆಲಸ ಶುರು ಮಾಡಿದರು. ಈ ಮೂಲೆ ಅಷ್ಟು, ಆ ಮೂಲೆ ಇಷ್ಟು. ಎದ್ದು ಅಂಕಿ ನೋಡುವರು, ಮತ್ತೆ ಮಲಗುವರು. ನಾನು ಅಣ್ಣನ ಕಿಟಕಿಯ ಹತ್ತಿರ ಹೋಗಿ ಬಾಗಿಲ ಮೇಲೆ ಕೈ ಇಟ್ಟೆ.

"ಕೈ ಇಡಬ್ಯಾಡ ತಂಗಿ. ತೂಕ ಕೆಡ್ತೈತಿ."

ತೆಗೆದೆ. ತೆಗೆದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವನ ಹಣೆಯ ಬೆವರು ಒರೆಸಬೇಕಿತ್ತು, ಹಾಗೇ ನಿಂತೆ.

ಉಸ್ತಾದ್ ಎದ್ದರು. ನಾಲ್ಕೂ ಕಡೆ ನಡೆದು ನೋಡಿದರು, ಬೆರಳು ಮಡಚಿ ಕೂಡಿದರು, ಮತ್ತೊಮ್ಮೆ ಕೂಡಿದರು.

"ಅಣ್ಣಾರ. ಎರಡೂ ಒಂದ ಆತು."

"ಖರೇನಾ?"

"ಅಲ್ಲಾನ ಆಣಿ. ಚೀಲ ಕುಂದ್ರಿಸಿದಾಗ್ಲೂ ಇಷ್ಟು ಬರೋಬ್ಬರಿ ಎಂದೂ ಬಂದಿಲ್ಲ. ಒಂದು ಕಿಲೋ ಆಕಡಿ ಈಕಡಿ ಇಲ್ಲ."

ಅಣ್ಣ ಕಣ್ಣು ಮುಚ್ಚಿದ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಮಣಿಕಟ್ಟು ಎಷ್ಟು ಸಣ್ಣಗಾಗಿದ್ದವೆಂದರೆ ವಾಚು ಮೊಣಕೈವರೆಗೂ ಸರಿಯುತ್ತಿತ್ತು. ಇಂಜಿನ್ ಆಫಾಗಿತ್ತು. ಅವನು ಬಾಯಲ್ಲೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. "ಬ್ರೇಕ್ ಬಿಟ್ಟೆ... ಎಡಕ್ಕ... ಕಾಯಬೇಕು... ಕಾಯಬೇಕು... ಈಗ ಬಿಗಿ ಆತು, ಕಾಲು ತೆಗ್ಯಂಗಿಲ್ಲ..." ಅವನ ಬಲಗಾಲು ಪೆಡಲನ್ನು ಒತ್ತಿ ನಿಂತಿತು. ನಾನು ಬೇಲಿಯಾಚೆ ನಿಂತು ನೋಡುವವಳ ಹಾಗೆ ಉಸಿರು ಹಿಡಿದಿದ್ದೆ.

"ಹಿಡೀತು" ಅಂದ.

ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದ. ಪಕ್ಕದ ಸೀಟಿನ ಮೇಲೆ ಕೈ ತಟ್ಟಿದ.

"ಹತ್ತು ತಂಗಿ."

"ಬ್ಯಾಡೋ ಅಣ್ಣಾ. ಇಷ್ಟು ಕಷ್ಟಪಟ್ಟು..."

"ಅಣ್ಣಾರ, ತೂಕೆಲ್ಲ ಕೆಡ್ತೈತ್ರಿ" ಅಂದರು ಉಸ್ತಾದ್, ಅಭ್ಯಾಸದಿಂದ ಬಂದ ಮಾತು. ಅಂದ ಮೇಲೆ ತಾವೇ ತುಟಿ ಕಚ್ಚಿಕೊಂಡರು.

"ಕೆಡ್ಲಿ ಬಿಡ್ರಿ. ಹಂಪ್ಸು ಬಂದಾಗೆಲ್ಲ ಇಳಿಸೀನಿ ಇಕಿನ್ನ."

ನಾನು ಸುತ್ತ ಬಳಸಿ ಹೋಗಿ ಹತ್ತಿ ಕೂತೆ. ಕಾರು ನನ್ನ ಕಡೆಗೆ ಸ್ವಲ್ಪ ತಗ್ಗಿತು. ಕಾಟಾಗಳ ಅಂಕಿ ಓಡಿ ಓಡಿ ಎಲ್ಲೆಲ್ಲೋ ನಿಂತಿರಬೇಕು. ಉಸ್ತಾದ್ ಅವುಗಳನ್ನು ನೋಡಲೇ ಇಲ್ಲ. ಬಗ್ಗಿ ಒಂದೊಂದರದೇ ಸ್ವಿಚ್ಚು ಆರಿಸಿ, ತಾತನ ಪಕ್ಕ ಹೋಗಿ ಕಟ್ಟೆಯ ಮೇಲೆ ಕೂತರು.

ನಾನು ಅಣ್ಣನ ಬೆವರು ಒರೆಸಿದೆ. ಅವನು ತಲೆಯನ್ನು ಹಿಂದಕ್ಕೊರಗಿಸಿದ. ಬಿಸಿಲು ಬಾನೆಟ್ಟಿನಿಂದ ಮೆಲ್ಲಗೆ ಗಾಜಿನ ಮೇಲೆ ಏರುತ್ತಿತ್ತು. ಅವನಿಗೆ ಜೋಂಪು ಹತ್ತಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ, ಕಣ್ಣು ತೆರೆಯದೆಯೇ ಕೇಳಿದ.

"ಕೊಟ್ಟೂರು ಬಂತೇನು?"

"ಬಂತು" ಅಂದೆ.

"ಹೊಟ್ಟಿ ಉಜ್ಜಿದ್ರ ಉಜ್ಜಲಿ. ಇಳೀಬ್ಯಾಡ."